ಎಡಹುರಿಯ ದಾರ

ಯಾಪಲದಿನ್ನಿಯಲ್ಲಿ ಹುಡುಗಿಯಾಗಿದ್ದಾಗ ಕಮರುನ್ನೀಸಾಳ ಎಡಗೈಗೆ ಬಿದ್ದಷ್ಟು ಏಟು ಅವರ ಮನೆಯ ಕತ್ತೆಗೂ ಬಿದ್ದಿರಲಿಲ್ಲ. ಉಣ್ಣುವುದನ್ನೇನೋ ತಾಯಿ ಬಲಗೈಗೆ ತಂದಳು. ಸೂಜಿ ಹಿಡಿಯುವುದು, ತೊಡೆಯ ಮೇಲೆ ದಾರ ಹೊಸೆಯುವುದು ಮಾತ್ರ ಎಡಗೈಯಲ್ಲೇ ಉಳಿಯಿತು. ಮಾನ್ವಿಗೆ ಮದುವೆಯಾಗಿ ಬಂದಾಗ ಗಂಡ ಪೀರಾ ಸಾಬ್ ತಕರಾರು ತೆಗೆಯಲಿಲ್ಲ. "ಯಾವ ಕೈಯಾದ್ರೇನು, ಕೌದಿ ಬೆಚ್ಚಗಿದ್ರ ಸಾಕು" ಅಂದ.

ಪೀರಾ ಸಾಬ್ ಹಳೆಯ ಪೆಟ್ರೋಲ್ ಲಾರಿಗಳ ಮೇಸ್ತ್ರಿ. ಕಾರ್ಬೊರೇಟರ್ ಬಿಚ್ಚಬೇಕಾದರೆ ಅದರ ಸುತ್ತ ಹಬ್ಬಿದ ಗಾಳಿ ಎಳೆಯುವ ರಬ್ಬರ್ ನಳಿಗೆಗಳನ್ನು ಮೊದಲು ಕೀಳಬೇಕು. ತಿರುಗಿ ಹಾಕುವಾಗ ಒಂದರ ಮೂತಿಗೆ ಇನ್ನೊಂದು ಸೇರಿದರೆ ಇಂಜಿನ್ನಿಗೆ ಚಳಿಜ್ವರ ಬಂದಂತಾಗುತ್ತದೆ. ಅದಕ್ಕೇ ಅವನು ಹೆಂಡತಿಯ ಕೌದಿ ದಾರ ಒಯ್ಯುತ್ತಿದ್ದ. ನಳಿಗೆಗೆ ಕೆಂಪು ಕಟ್ಟಿದರೆ ಅದು ಕೂಡುವ ಮೂತಿಗೂ ಕೆಂಪು. ಹಸಿರಿಗೆ ಹಸಿರು. ಇಬ್ಬರಿಗೂ ಅಕ್ಷರ ಬಾರದು, ಆದರೂ ಒಂದು ಸಲವೂ ತಪ್ಪಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ಕಲ್ಲೂರಿನ ರೈಸ್‌ಮಿಲ್ಲಿನ ಲಾರಿ ಕೆಮ್ಮುತ್ತ ಬಂದು ಅವರ ಮನೆಯ ಮುಂದೆ ನಿಂತಿತು. ಜೊತೆಗೆ ಡ್ರೈವರ್ ಮುದುಕಪ್ಪ, ಅವನ ಹೆಂಡತಿ ಮಹಾಂತಮ್ಮ.

"ಸಾಬಣ್ಣ, ನಾಳಿ ದೇವದುರ್ಗ ಸಂತಿಗೆ ಅಕ್ಕಿ ಮುಟ್ಟಲಿಲ್ಲಂದ್ರ ಮಿಲ್ಲಿನ ಶರಣಯ್ಯನೋರು ಗಾಡಿ ರಾಯಚೂರು ಗುಜರಿಗೆ ಹಾಕ್ತಾರಂತ. ಹದಿನಾಕು ವರ್ಷ ಇದರ ಜೋಡೀನ ಮಲಗೀನ್ರಿ" ಅಂದ ಮುದುಕಪ್ಪ.

"ಅದಕ್ಕ ಇವನೂ ಅದರಂಗ ಕೆಮ್ಮತಾನ ನೋಡ್ರಿ" ಅಂದಳು ಮಹಾಂತಮ್ಮ. ನಕ್ಕಳು, ಆದರೆ ಕಣ್ಣು ಲಾರಿಯ ಮೇಲೇ ಇತ್ತು.

ಪೀರಾ ಸಾಬ್ ಐದು ನಳಿಗೆ ಬಿಚ್ಚಿ, ದಾರ ಕಟ್ಟಿಟ್ಟು, ಕಾರ್ಬೊರೇಟರನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಲು ಬಿಟ್ಟು ಊಟಕ್ಕೆ ಕೂತ. ತಿರುಗಿ ಬಂದವನು ಹಣೆ ಬಡಿದುಕೊಂಡ.

"ಯಾ ಅಲ್ಲಾ! ಯಾರ್ಲೇ ಇಂಜಿನ್ನಿಗೆ ಮದುವಿ ಮಾಡಿದವ್ರು?"

ಒಂದೊಂದು ನಳಿಗೆಗೂ, ಒಂದೊಂದು ಮೂತಿಗೂ ಐದೈದು ಬಣ್ಣದ ದಾರ! ಮಹಾಂತಮ್ಮ ಸೆರಗಿನ ತುದಿ ಹಿಡಿದು ಮುಂದೆ ಬಂದಳು. "ನಾನ್ರೀ. ದರ್ಗಾದಾಗ ಕಟ್ಟಿದಂಗ ಹರಕಿ ದಾರ ಕಟ್ಟೀರಿ ಅನ್ಕೊಂಡೆ. ನಂದೂ ಇರ್ಲಿ ಅಂತ ಒಂದೊಂದಕ್ಕೂ ಇಲ್ಲದ ಬಣ್ಣ ಬಳಿಗಾರಾಕಿ ಕಡಿಂದ ತಂದು ಕಟ್ಟಿದೆ."

ಬೇರೆ ಲಾರಿಯಾಗಿದ್ದರೆ ಪೀರಾ ಸಾಬ್ ದಾರವಿಲ್ಲದೆಯೂ ಹೇಗೋ ನೆನಪಿನ ಮೇಲೆ ಜೋಡಿಸುತ್ತಿದ್ದ. ಈ ಮುದಿ ಇಂಜಿನ್ನಿನಲ್ಲಿ ಹತ್ತು ಊರಿನ ಮೇಸ್ತ್ರಿಗಳು ಕೈಯಾಡಿಸಿದ್ದರು, ಯಾವ ನಳಿಗೆ ಎಲ್ಲಿಗೆಂದು ದೇವರೇ ಬಲ್ಲ. ಅಂದಾಜಿನ ಮೇಲೆ ಹಾಕಿದ. ಇಂಜಿನ್ ಗಡಗಡ ನಡುಗಿ ಸತ್ತಿತು. ಅದಲುಬದಲು ಮಾಡಿದ. ಈಗ ಎಕ್ಸಲರೇಟರ್ ಒತ್ತಿದರೆ ಮಳೆಯಿಲ್ಲದ ಆಕಾಶದ ಕೆಳಗೆ, ನಳಿಗೆಯ ಗಾಳಿಯಿಂದಲೇ ಆಡುವ ವೈಪರ್ ಕುಣಿಯಿತು, ಬಿಟ್ಟರೆ ಇಂಜಿನ್ ನಿಂತಿತು. ಮುದುಕಪ್ಪ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತ. ಹೊತ್ತು ಇಳಿಯತೊಡಗಿತ್ತು.

ಕಮರುನ್ನೀಸಾ ಹಿಟ್ಟಿನ ಕೈ ತೊಳೆದುಕೊಂಡು ಬಂದಳು. "ಸರೀರಿ ಸ್ವಲ್ಪ. ನನ್ನ ದಾರ ನನಗ ತಿಳಿಯಂಗಿಲ್ಲೇನು?"

"ಎಲ್ಲಾ ಕಡೆ ಅವೇ ಐದು ಬಣ್ಣ ಅದಾವಲ್ಲೇ!"

"ಬಣ್ಣ ಯಾರಿಗೆ ಬೇಕು? ಅಂಗಡಿ ದಾರ ಬಲಕ್ಕ ಹುರಿ ಆಗಿರ್ತದ. ನಂದು ಎಡಕ್ಕ."

ಒಂದೊಂದೇ ದಾರವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಬಲಕ್ಕೆ ತಿರುವಿದಳು. ಬಿಗಿಯಾದದ್ದು ಅಂಗಡಿಯದು, ಅದನ್ನು ಕೊಯ್ದಳು. ಎಳೆ ಬಿಚ್ಚಿಕೊಂಡದ್ದು ತನ್ನದು, ಅದನ್ನು ಬಿಟ್ಟಳು. ಹತ್ತು ಕಡೆಯೂ ಒಂದೊಂದೇ ದಾರ ಉಳಿಯಿತು. ಪೀರಾ ಸಾಬ್ ಬಣ್ಣಕ್ಕೆ ಬಣ್ಣ ಕೂಡಿಸಿದ. ಮುದುಕಪ್ಪ ಚಾವಿ ತಿರುವಿದ. ಇಂಜಿನ್ ಒಂದು ಸಲ ಗಂಟಲು ಸರಿಮಾಡಿಕೊಂಡು, ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟತೊಡಗಿತು.

ಮಹಾಂತಮ್ಮನ ಉಡಿಯಲ್ಲಿ ಕೊಯ್ದ ದಾರಗಳಿದ್ದವು. "ಇವನ್ನೇನ್ ಮಾಡ್ಲಿಬೇ? ಹರಕಿ ದಾರ, ಚೆಲ್ಲಬಾರದು."

"ಸ್ಟೇರಿಂಗಿಗೆ ಕಟ್ಟಬೇ ಯವ್ವಾ. ಅಲ್ಲಿ ಗಾಳಿ ನಳಿಗಿ ಇಲ್ಲ" ಅಂದಳು ಕಮರುನ್ನೀಸಾ.

ಮರುದಿನ ಅಕ್ಕಿ ದೇವದುರ್ಗ ಮುಟ್ಟಿತು. ಲಾರಿ ಇನ್ನೂ ಆರು ವರ್ಷ ಓಡಿತು. ಸಂತೆಯಿಂದ ಬರುವಾಗೆಲ್ಲ ಮುದುಕಪ್ಪ ಕಮರುನ್ನೀಸಾಳ ಕೌದಿಗೆಂದು ಬಣ್ಣದ ನೂಲು ತರುತ್ತಿದ್ದ, ಹೊಸೆಯದ ನೂಲನ್ನೇ ಹುಡುಕಿ.