ಪುರಸಭೆ ಎಡವಿದ ಚಪ್ಪಡಿ

ಹುಣಸೂರು ಪುರಸಭೆಯಲ್ಲಿ ನಾನು ಗುಮಾಸ್ತನಾಗಿದ್ದಾಗ, ಜಟಕಾ ಕುದುರೆಗಳಿಗೆ ತೊಗಲಿನ ಪಟ್ಟಿ ಹೊಲಿಯುತ್ತಿದ್ದ ಸಾಬರೊಬ್ಬರು ಚುನಾವಣೆಯಲ್ಲಿ ಗೆದ್ದು ಸದಸ್ಯರಾಗಿ ಬಂದರು. ಸಭೆಯಲ್ಲಿ ಕೂತಾಗಲೂ ಅವರ ಕೈಯಿಂದ ಹೊಲಿಗೆಯ ದಾರಕ್ಕೆ ಉಜ್ಜುವ ಮೇಣದ ವಾಸನೆ ಬರುತ್ತಿತ್ತು. ಮಾತು ಬಿಸಿಯೇರಿತೆಂದರೆ ಮೆಲ್ಲಗೆ ಎದ್ದು, ಬಾಗಿಲಲ್ಲಿ ಬಿಟ್ಟಿದ್ದ ಜೋಡು ಮೆಟ್ಟಿಕೊಂಡು, "ಓಗಿ ನೋಡ್ಕಂಡ್ ಬರಾಣ ಬನ್ರೀ" ಅನ್ನುತ್ತಿದ್ದರು.

ಒಮ್ಮೆ ಊರಿಗೆ ಒಂದೇ ಒಂದು ಸೀಮೆಎಣ್ಣೆ ದೀಪದ ಕಂಬ ಮಂಜೂರಾಯಿತು. ಪ್ರತಿಯೊಬ್ಬ ಸದಸ್ಯರಿಗೂ ಅದು ತಮ್ಮ ಬೀದಿಗೇ ಬೇಕು. ಮೂರು ಸಭೆಗಳು ಆ ಜಗಳದಲ್ಲೇ ಮುಗಿದವು. ನಾಲ್ಕನೆಯದರಲ್ಲಿ ಸಾಬರು ಜೋಡು ಮೆಟ್ಟಿಕೊಂಡರು. ಮುಸ್ಸಂಜೆಯಲ್ಲಿ, ಲಾಟೀನಿಲ್ಲದೆ, ಅಧ್ಯಕ್ಷರೂ ಸೇರಿ ಎಲ್ಲರನ್ನೂ ಬೀದಿ ಬೀದಿ ನಡೆಸಿದರು. ಒಂದು ತಿರುವಿನಲ್ಲಿ ಮೋರಿಯ ಮೇಲೆ ಹಾಸಿದ್ದ ಚಪ್ಪಡಿಗೆ ಮೊದಲು ಅಧ್ಯಕ್ಷರು ಎಡವಿದರು. ಹಿಂದೆ ಬಂದವರೂ ಒಬ್ಬೊಬ್ಬರಾಗಿ ಅದಕ್ಕೇ ಎಡವಿದರು. ನಾನೂ ಎಡವಿದೆ.

"ಕಂಬ ಇಲ್ಲೇ ನೆಡಾಣ" ಅಂದರು ಸಾಬರು.

ಅಧ್ಯಕ್ಷರು ಕಾಲಿನ ಹೆಬ್ಬೆರಳು ಹಿಡಿದುಕೊಂಡೇ ಎದುರು ಮನೆ ತೋರಿಸಿದರು. "ಸಾಬ್ರೇ, ಇದು ಎಲೆಕ್ಷನ್ನಾಗೆ ನಿಮ್ಮೆದುರು ನಿಂತಿದ್ದೋರ ಮನೆ ಕಣ್ರೀ."

"ಇರ್ಲಿ ಬುಡಿ. ಅವ್ರೂ ದಿನಾ ಎಡವ್ತಿರ್ತಾರೆ."

ಮರುದಿನ ನಾನು ನಡಾವಳಿ ಪುಸ್ತಕದಲ್ಲಿ 'ಸ್ಥಳ ಪರಿಶೀಲಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ಬರೆದು, ಸಾಬರ ಅಂಗಡಿಗೆ ಹೋಗಿ ಓದಿ ಹೇಳಿದೆ.

"ಸರ್ವಾನುಮತ ಅಂದ್ರೆ?"

"ಎಲ್ಲರೂ ಒಪ್ಪಿದರು ಅಂತ."

ಅವರು ಸೂಜಿಗೆ ದಾರ ಪೋಣಿಸುತ್ತಲೇ ನಕ್ಕರು.

"ಒಪ್ಪಿದ್ದೆಲ್ಲಿ ಗುಮಾಸ್ತರೇ? ಎಲ್ರೂ ಎಡವಿದ್ರು ಅಂತ ಬರೀರಿ."