ಕಣ್ಣು ಮುಚ್ಚಿದಾಗ ಕಾಣುವ ಮನೆ

ಅವರ ನಿಜವಾದ ಹೆಸರು ಶಾಲೆಯ ಕಚೇರಿಗೆ ಮಾತ್ರ ಗೊತ್ತಿತ್ತು. ಮಕ್ಕಳ ಬಾಯಲ್ಲಿ ಅವರು ಕಣ್ಣುಮುಚ್ಚು ಟೀಚರ್. ಹೊಸ ತರಗತಿ ಸಿಕ್ಕ ಮೊದಲ ದಿನ ಅವರು ಪಾಠದ ಪುಸ್ತಕ ತೆರೆಸಿದವರಲ್ಲ. "ಕಣ್ಣು ಮುಚ್ಚಿ. ನಿಮ್ಮನೆ ಬಾಗಿಲಿಂದ ಒಳಗೆ ಹೋಗಿ. ಕೈಗೆ ಏನೇನು ಸಿಗುತ್ತೆ, ಹೇಳ್ತಾ ಹೋಗಿ" ಎನ್ನುತ್ತಿದ್ದರು. ಬೇಕು ಬೇಕು ಎನ್ನುವುದನ್ನು ಕಲಿಸಲು ಊರೆಲ್ಲ ಇದೆ, ಇರುವುದನ್ನು ತಡವಿ ತಿಳಿಯಲು ಕಲಿಸುವುದಷ್ಟೇ ಮೇಷ್ಟ್ರ ಕೆಲಸ ಎಂಬುದು ಅವರ ನಂಬಿಕೆ. ವರ್ಷ ವರ್ಷವೂ ಆ ಮುಚ್ಚಿದ ರೆಪ್ಪೆಗಳ ಹಿಂದಿನಿಂದ ಹಿಡಿ ಮುರಿದ ಕೊಡೆ, ತಾತ ಹಲ್ಲಿನ ಸೆಟ್ಟು ಮುಳುಗಿಸಿಟ್ಟ ಲೋಟ, ಬೆಕ್ಕು ಪರಚಿದ ಕುರ್ಚಿ ಹೊರಬರುತ್ತಿದ್ದವು. ತರಗತಿ ಬಿದ್ದು ಬಿದ್ದು ನಗುತ್ತಿತ್ತು.

ಈ ವರ್ಷ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಮೊದಲು ಎದ್ದಳು.

"ಬಾಗಿಲ ಎಡಕ್ಕೆ ಬಿಳಿ ಚಪ್ಪಲಿ ಕಪಾಟು. ಆಮೇಲೆ ಬೂದಿ ಬಣ್ಣದ ಸೋಫಾ. ಅದರ ಮೂಲೇಲಿ ಪ್ಲಾಸ್ಟಿಕ್ ಗಿಡ..." ಕೆಮ್ಮು ಬಂದು ನಿಲ್ಲಿಸಿದಳು.

ಯಾರೂ ಕೇಳದಿದ್ದರೂ ಹಿಂದಿನ ಸಾಲಿನ ದನಿಯೊಂದು ಮುಂದುವರಿಸಿತು: "ಗಿಡದ ಪಕ್ಕ ಗಾಜಿನ ಟೀಪಾಯಿ. ಅಂಚು ಮೊಣಕಾಲಿಗೆ ತಾಗುತ್ತೆ."

ಕಿಟಕಿಯ ಕಡೆಯಿಂದ ಇನ್ನೊಂದು: "ತಾಗಿದ್ಮೇಲೆ ಬಲಕ್ಕೆ ತಿರುಗ್ಬೇಕು. ಗೋಡೇಲಿ ಗಡಿಯಾರ. ಬರೀ ಮುಳ್ಳು, ಅಂಕಿ ಇಲ್ಲ."

ಬರಬರುತ್ತಾ ದನಿಗಳ ನಡುವಿನ ಅಂತರ ಕರಗಿ, ಇಡೀ ತರಗತಿ ಒಂದೇ ಮಗುವಾಗಿ ಒಂದೇ ಮನೆಯೊಳಗೆ ನಡೆಯತೊಡಗಿತು. ಯಾರೂ ನಗಲಿಲ್ಲ. ಯಾರೂ ಎಡವಲಿಲ್ಲ.

"ಸಾಕು, ಕಣ್ಣು ಬಿಡಿ." ಎಲ್ಲ ಕಣ್ಣುಗಳೂ ಒಟ್ಟಿಗೇ ತೆರೆದವು.

ಮಧ್ಯಾಹ್ನ ಟೀಚರ್ ಇದನ್ನು ಹೇಳಿದಾಗ ಗಣಿತದ ಮೇಷ್ಟ್ರು ನಕ್ಕರು. "ಅದ್ರಲ್ಲೇನಿದೆ ಮೇಡಂ? ಸರ್ಕಲ್‌ನಲ್ಲಿರೋ ದೊಡ್ಡ ಅಂಗಡೀಲಿ ಇಡೀ ಕೋಣೇನೇ ಜೋಡಿಸಿಟ್ಟು ಮಾರ್ತಾರೆ. ಹಿಂದೆ ಮನೆ ಮನೆಗೂ ಮಣ್ಣಿನ ಒಲೆ ಅಂತಿದ್ರು, ಈಗ ಮನೆ ಮನೆಗೂ ಬೂದಿ ಸೋಫಾ. ಮೊನ್ನೆ ನಾನೇ ನಮ್ಮನೆ ಅಂದ್ಕೊಂಡು ಪಕ್ಕದ್ಮನೆಗೆ ನುಗ್ಗಿ, ಕಾಲು ಚಾಚಿ ಕೂತು, ಟೀ ತಾರೇ ಅಂದ್ಬಿಟ್ಟೆ!"

ಟೀಚರೂ ನಕ್ಕರು, ಆದರೆ ಮನೆಗೆ ನಡೆಯುವಾಗ ಅದೇ ಯೋಚನೆ. ಇವರಲ್ಲಿ ಒಬ್ಬರಿಗಾದರೂ ತನ್ನದೇ ಆದ ಮನೆ ಒಳಗೆ ಉಳಿದಿದೆಯೇ? ಇಲ್ಲವಾದರೆ ತಾನು ಇಷ್ಟು ವರ್ಷ ತಟ್ಟಿದ್ದು ಯಾವ ಬಾಗಿಲನ್ನು?

ಸಂಜೆ ಮನೆಯ ಹೊಸ್ತಿಲಲ್ಲೇ, ಜೊತೆಯಲ್ಲಿ ವಾಸವಿದ್ದ ತಂಗಿ ಅಡ್ಡ ನಿಂತಿದ್ದಳು. "ಅಕ್ಕಾ, ಕಣ್ಣು ಮುಚ್ಚು! ನಿನ್ನ ಮಂತ್ರ ನಿನಗೇ!" ಎಂದು ಕೈಹಿಡಿದು ಒಳಗೆ ಎಳೆದಳು. ಅಷ್ಟರಲ್ಲಿ ಕರೆಂಟು ಹೋಯಿತು. ದಪ್ಪ ಹೊಸ ಪರದೆಗಳು ಹೊರಗಿನ ಬೆಳಕನ್ನು ಹೊರಗೇ ನಿಲ್ಲಿಸಿದ್ದವು.

"ಹಾಳಾದ್ದು! ಅಲ್ಲೇ ಇರು, ಮೊಬೈಲ್ ತರ್ತೀನಿ. ಎಲ್ಲಾ ಬದಲಾಯಿಸಿದೀನಿ, ಎಡವಿ ಬಿದ್ದೀಯ."

ಅವರು ಎಡವಲಿಲ್ಲ. ಎಡಕ್ಕೆ ಕಪಾಟು. ಆಮೇಲೆ ಸೋಫಾ. ಬೆರಳಿಗೆ ಪ್ಲಾಸ್ಟಿಕ್ ಎಲೆ. ಗಾಜಿನ ಅಂಚು ಮೊಣಕಾಲಿಗೆ ತಾಗಿದಾಗ ಬಲಕ್ಕೆ ತಿರುಗಿದರು. ಕತ್ತಲಲ್ಲಿ ಮಕ್ಕಳ ದನಿ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಗಡಿಯಾರದ ಕೆಳಗೆ, ಅಮ್ಮ ಕೂರುತ್ತಿದ್ದ ಸ್ಟೂಲು ಇರುತ್ತಿದ್ದಲ್ಲಿ, ಕೈ ಚಾಚಿದರೆ ಬರೀ ಗೋಡೆ.

"ಅಮ್ಮನ ಸ್ಟೂಲ್ ಎಲ್ಲೇ?"

"ಆ ಕುಂಟು ಸ್ಟೂಲಾ? ಹಿತ್ತಲಲ್ಲಿದೆ, ಬೆಳಿಗ್ಗೆ ಗುಜರಿಯವನು ಬರ್ತಾನೆ. ಅಮ್ಮ ಹೋಗಿ ಎಷ್ಟು ಕಾಲ ಆಯ್ತು, ಇನ್ನು ಅದರ ಮೇಲೆ ಯಾರಕ್ಕ ಕೂರ್ತಾರೆ?"

ಅವರು ನಿಂತಲ್ಲೇ ಕಣ್ಣು ಮುಚ್ಚಿ ಅಮ್ಮನನ್ನು ನೆನೆದರು. ಅಮ್ಮ ಬಂದಳು. ಬೂದಿ ಬಣ್ಣದ ಸೋಫಾದ ಮೇಲೆ ಕೂತಿದ್ದಳು.

ಮರುದಿನ ಗುಜರಿಯವನು ಬರುವ ಮೊದಲೇ ಸ್ಟೂಲು ಶಾಲೆ ಸೇರಿತ್ತು. ಮಕ್ಕಳು ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರಾಗಿ ಬಂದು ಮುಟ್ಟಿದರು. "ಇದು ನಮ್ಮನೇಲಿಲ್ಲ" ಎಂದ ಒಬ್ಬ. "ನಮ್ಮನೇಲೂ ಇಲ್ಲ" ಎಂದವು ಉಳಿದ ದನಿಗಳು, ನಿನ್ನೆಯಂತೆಯೇ.

ಎರಡು ಜಡೆಯವಳ ಅಂಗೈ ಮಾತ್ರ ಸವೆದು ತಗ್ಗಾಗಿದ್ದ ಹಲಗೆಯ ಮೇಲೆ ಹರಿದು, ಥಟ್ಟನೆ ಹಿಂದೆ ಸರಿಯಿತು.

"ಟೀಚರ್, ಇಲ್ಲಿ ಯಾರೋ ಕೂತಿದಾರೆ."

"ಯಾರು?" ಟೀಚರ್ ಅವಳ ಪಕ್ಕಕ್ಕೆ ಬಾಗಿ ಕೇಳಿದರು.

"ಗೊತ್ತಿಲ್ಲ. ಬೆಚ್ಚಗಿದೆ." ಅವಳು ಕಣ್ಣು ಬಿಡಲಿಲ್ಲ. "ನಮ್ಮಜ್ಜಿ ಮಂಚದಲ್ಲೂ ಹೀಗೇ ಒಂದು ಗುಳಿ ಇತ್ತು. ಕಿಟಕಿ ಹತ್ರ. ಈಗ ಅಲ್ಲಿ ಆ ಪ್ಲಾಸ್ಟಿಕ್ ಗಿಡ ಇದೆ..."

ಅವಳು ನಿಲ್ಲಿಸಿದಳು. ಟೀಚರ್ ಕಾದರು. ಹಿಂದಿನ ಸಾಲಿನಿಂದ ಯಾವ ದನಿಯೂ ಆ ಮಾತನ್ನು ಮುಂದುವರಿಸಲಿಲ್ಲ.