ನರ್ಸ್‌ಬಾಯಿ ಓದುತ್ತಿದ್ದ ಸಣ್ಣಕ್ಷರ

ನರ್ಸ್‌ಬಾಯಿಯ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಕೂದಲೆಳೆಯಂಥ ಗೆರೆಗಳಿದ್ದವು, ಒಂದರ ಮೇಲೊಂದು. ಮೂವತ್ತು ಚಿಲ್ಲರೆ ವರ್ಷ ಇಂಜೆಕ್ಷನ್ನಿನ ಗಾಜಿನ ಸೀಸೆಗಳ ಕತ್ತು ಮುರಿದು ಮುರಿದು ಆದ ಗಾಯಗಳು ಅವು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಮಾಸಿರಲಿಲ್ಲ. ಉಪ್ಪಿನಕಾಯಿ ತಾಗಿದರೆ ಈಗಲೂ ಚುರ್ ಅನ್ನುತ್ತದೆ ಎಂದು ಬೆರಳನ್ನು ಬಾಯಲ್ಲಿಟ್ಟುಕೊಂಡು ನಗುತ್ತಿದ್ದರು.

ಬೀದರಿನಲ್ಲಿ ನಾನು ಬಾಡಿಗೆ ಹಿಡಿದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಸಂತಪುರದವಳು, ಭಾಲ್ಕಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮದುವೆಯಾಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಊರಿನಲ್ಲಿ ಉಳಿದದ್ದು ಅಣ್ಣನ ಸಂಸಾರ. ಹೋದರೆ ನೆಂಟರಿಗೆ ಹಾಸುವಂತೆ ಚಾಪೆ ಹಾಸುತ್ತಿದ್ದರು. ಅದಕ್ಕೇ ಹೋಗುವುದು ಕಡಿಮೆಯಾಯಿತು. ನರ್ಸ್‌ಬಾಯಿಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಬೈಬಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಚರ್ಚಿಗೆ ಹೋಗುವುದು ಬಿಟ್ಟರೆ ಅವರು ಹೊಸ್ತಿಲು ದಾಟುತ್ತಿದ್ದುದು ತರಕಾರಿಗೆ ಮಾತ್ರ. ಅವರ ಮನೆಗೆ ಬಂದು ಕೂತು ಚಹಾ ಕುಡಿದು ಹೋದ ನೆಂಟರನ್ನು ನಾನು ಒಬ್ಬರನ್ನೂ ನೋಡಲಿಲ್ಲ.

ಮೊದಲ ವರ್ಷ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಬೆಳಗ್ಗೆ ನಾನು ಬೀಗ ಹಾಕುವಾಗ ಅವರು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು.

"ಉಂಡೀರೇನ್ರಿ ಟೀಚರ್?"

"ಇಲ್ರಿ ಬಾಯಿ, ಬಸ್ಸಿಗಿ ಹೊತ್ತಾಯ್ತು. ಅಲ್ಲೇ ಏನರ ತಿಂತೇನಿ."

ಅವರ ಮುಖ ಗಂಟಾಗುತ್ತಿತ್ತು. ಪರರ ಹೊಟ್ಟೆಯ ಚಿಂತೆ ಈ ಹೆಂಗಸಿಗೇಕೆ ಎಂದು ನಾನು ಒಳಗೊಳಗೇ ಅಂದುಕೊಂಡದ್ದೂ ಉಂಟು.

ಆ ವರ್ಷವೇ ನನಗೆ ಶುಗರ್ ಇದೆಯೆಂದು ಗೊತ್ತಾದದ್ದು. ಬೀದರಿನ ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟರು. ಒಂದರಲ್ಲೇ ಎರಡು ಔಷಧ ಕೂಡಿಸಿದ್ದಾರೆ, ದಿನಾ ಮುಂಜಾನೆ ನಾಷ್ಟಾದ ಜೊತೆ ತಗೊಳ್ಳಿ ಅಂದರು. 'ದಿನಾ ಮುಂಜಾನೆ' ಎಂಬುದನ್ನು ನೆನಪಿಟ್ಟುಕೊಂಡೆ, 'ನಾಷ್ಟಾದ ಜೊತೆ' ಎಂಬುದನ್ನು ಬಿಟ್ಟೆ. ಒಂದು ಲೋಟ ನೀರಿನಲ್ಲಿ ನುಂಗಿ ಬಸ್ಸು ಹತ್ತುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅಂಗಾಲು ಉರಿಯತೊಡಗಿತು. ಶಾಲೆಯ ಹತ್ತಿರವೇ ಇದ್ದ ಇನ್ನೊಬ್ಬ ಡಾಕ್ಟರಲ್ಲಿಗೆ ಹೋದೆ. ಶುಗರ್ ಇದೆ ಅಂದೆ. ಅದಕ್ಕೆ ಏನು ತಗೊಳ್ಳುತ್ತಿದ್ದೇನೆಂದು ಅವರು ಕೇಳಿದಾಗ ಹೆಸರು ನೆನಪಿರಲಿಲ್ಲ. "ಯಾವುದೋ ಬಿಳಿ ಗುಳಗಿ, ಸರಿಯಾಗಿ ತಗೊಂಡೇ ಇಲ್ರಿ" ಎಂದು ನಾಚಿಕೆಗೆ ಸುಳ್ಳು ಹೇಳಿದೆ. ಅವರೂ ಒಂದು ಬರೆದರು. ಬೇರೆ ಹೆಸರು, ಹಸಿರು ಬಣ್ಣದ ಶೀಟು. ಇದು ಕಾಲುರಿಗೆ, ಅದು ಶುಗರಿಗೆ ಎಂದುಕೊಂಡು ಎರಡನ್ನೂ ನುಂಗತೊಡಗಿದೆ.

ಐದನೆಯ ದಿನವೋ ಆರನೆಯ ದಿನವೋ, ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದವಳು ಕಂಡಕ್ಟರನ ಜೊತೆ ಟಿಕೆಟ್ಟಿಗಾಗಿ ಜಗಳ ತೆಗೆದೆ. ಯಾಕೆ ಜಗಳವಾಡಿದೆನೆಂದು ನನಗೇ ತಿಳಿಯದು. ಬೀದರಿನಲ್ಲಿ ಇಳಿದಾಗ ಕುಪ್ಪಸ ಬೆನ್ನಿಗೆ ಅಂಟಿತ್ತು. ಮನೆಯ ಬಾಗಿಲಿಗೆ ಬಂದೆ, ಕೀಲಿಕೈ ಬೀಗದೊಳಗೆ ಹೋಗಲೇ ಒಲ್ಲದು. ಕೈ ಗಡಗಡ ನಡುಗುತ್ತಿತ್ತು. ಅಲ್ಲೇ ಕುಸಿದು ಕೂತೆ. ಬೀದಿಯಲ್ಲಿ ಮಂದಿ ಓಡಾಡುತ್ತಿದ್ದರು. ಕೂಗಬೇಕೆನ್ನಿಸಿತು, ಆದರೆ ಯಾರನ್ನು ಕೂಗುವುದು? ಅಣ್ಣನ ಹೆಸರೂ ಬಾಯಿಗೆ ಬರಲಿಲ್ಲ. ಈ ಊರಿನಲ್ಲಿ ನಾನು ಕರೆಯಬಹುದಾದ ಹೆಸರು ಒಂದೂ ಇಲ್ಲ ಎಂಬುದು ಆ ಮಬ್ಬಿನಲ್ಲೂ ಸ್ಪಷ್ಟವಾಗಿ ಹೊಳೆಯಿತು.

"ಟೀಚರ್, ಇಕಡಿ ನೋಡ್ರಿ. ಎಷ್ಟೊತ್ತಿಗಿ ಉಂಡೀರಿ?"

ನರ್ಸ್‌ಬಾಯಿ ಯಾವಾಗ ಬಂದರೋ! ಹಣೆ ಮುಟ್ಟಿದರು, ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ನುಂಗಲಾಕ ಬರ್ತದೇನ್ರಿ?" ಅಂದರು. ನಾನು ತಲೆಯಾಡಿಸಿದ ಮೇಲೆಯೇ ಒಳಗೆ ಓಡಿ, ಸಕ್ಕರೆ ಕದಡಿದ ನೀರು ತಂದು ಗುಟುಕು ಗುಟುಕಾಗಿ ಕುಡಿಸಿದರು. ಗಡಿಯಾರ ನೋಡುತ್ತಾ ಪಕ್ಕದಲ್ಲೇ ಕೂತರು. ಕಾಲು ಗಂಟೆಯಲ್ಲಿ ನಡುಕ ನಿಂತಿತು. ಆಗ ಒಂದು ಜೋಳದ ರೊಟ್ಟಿ, ಬೇಳೆ ತಂದಿಟ್ಟು, "ಸಕ್ರಿ ನೀರು ಬರೇ ಎಬ್ಬಸ್ತದ. ನಿಲ್ಲಿಸೋದು ರೊಟ್ಟಿ. ತಿನ್ರಿ" ಅಂದರು.

ನಾನು ತಿನ್ನುವಾಗ ಅವರು ನನ್ನ ಚೀಲದಿಂದ ಎರಡೂ ಶೀಟುಗಳನ್ನು ತೆಗೆದು ಬೆಳಕಿಗೆ ಹಿಡಿದು ತಿರುಗಿಸಿದರು. ಮುಂದಿನ ದೊಡ್ಡ ಹೆಸರನ್ನು ಅವರು ನೋಡಲೇ ಇಲ್ಲ. ಹಿಂದಿನ ಸಣ್ಣಕ್ಷರವನ್ನು ಕನ್ನಡಕ ಮೇಲೆತ್ತಿ, ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಇವೆರಡೂ ನುಂಗ್ಲತ್ತೀರಿ?"

"ಹೌದ್ರಿ. ಒಂದು ಕಾಲುರಿಗಿ."

"ಕಾಲುರಿಗಿ ಅಲ್ರಿ ತಾಯಿ. ಹೆಸರು ಬ್ಯಾರೆ, ಒಳಗಿನ ಔಷಧಿ ಒಂದೇ. ಒಂದರಾಗ ಎರಡು ಅಂದ್ರ ದಿನಾ ನಾಕು ನುಂಗೀರಿ, ಅದೂ ಖಾಲಿ ಹೊಟ್ಟಿಲೆ."

ಈಗ ಆರಾಮಾಗಿದ್ದೇನೆ, ನಾಳೆ ನೋಡೋಣ ಎಂದೆ. ಅವರು ಒಪ್ಪಲಿಲ್ಲ. ಈ ಔಷಧದ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ, ಸಕ್ಕರೆ ಮತ್ತೆ ಇಳಿಯಬಹುದು ಎಂದು ಆಟೊ ತರಿಸಿ, ಆಗಲೇ ಬೀದರಿನ ಡಾಕ್ಟರ ಬಳಿ ಕರೆದೊಯ್ದರು. ಯಾವುದನ್ನು ಬಿಡಬೇಕೆಂದು ದಾರಿಯಲ್ಲಿ ಕೇಳಿದರೆ, "ನಾ ಡಾಕ್ಟರ್ ಅಲ್ರಿ. ನನಗ ಓದ್ಲಾಕ ಬರ್ತದ, ಅಷ್ಟೇ. ಬಿಡಸೋದು ಅವರ ಕೆಲಸ" ಅಂದರು. ಡಾಕ್ಟರು ಹಸಿರು ಶೀಟನ್ನು ನಿಲ್ಲಿಸಿ, ನನ್ನನ್ನು ಬಹಳ ಹೊತ್ತು ಕೂಡಿಸಿಕೊಂಡು ಎರಡು ಸಲ ಶುಗರ್ ನೋಡಿದರು. ಸಂಜೆ ಮನೆಗೆ ಮರಳಿದ ಮೇಲೂ ನರ್ಸ್‌ಬಾಯಿ ಎದ್ದು ಹೋಗಲಿಲ್ಲ. ನನ್ನ ಬಾಗಿಲ ಬಳಿ ಗೋಡೆಗೊರಗಿ ಕೂತು, ನಾನು ಕೇಳದಿದ್ದರೂ ಹೇಳಿದರು.

ಖಟಕ ಚಿಂಚೋಳಿಯಲ್ಲಿ ಅವರ ಅಕ್ಕ ಇದ್ದಳಂತೆ. ಹೊಲದ ಕೂಲಿ ಮಾಡಿ, ತಂಗಿಯನ್ನು ನರ್ಸಿಂಗ್ ಓದಿಸಿದವಳು. ಅವಳಿಗೂ ಶುಗರ್, ಇಂಥದೇ ಜೋಡು ಗುಳಿಗೆ. ಒಂದು ದಿನ ತಗೊಂಡು ಎರಡು ದಿನ ಬಿಡುತ್ತಿದ್ದಳು. ನರ್ಸ್‌ಬಾಯಿ ಹೋಗಿ ಗದರಿಸಿ ಬಂದರು.

"'ಏನೇ ಆಗಲಿ ಒಂದಿನಾನೂ ತಪ್ಪಸಬ್ಯಾಡ' ಅಂತ ನಾನೇ ಹೇಳಿ ಬಂದೆ ಟೀಚರ್. ಮುಂದಿನ ತಿಂಗಳ ಆಕಿಗಿ ವಾಂತಿ ಭೇದಿ ಹತ್ತಿತು. ಎರಡು ದಿನ ಹೊಟ್ಟಿಗಿ ಒಂದಗಳ ನಿಂತಿಲ್ಲ. ಗುಳಗಿ ಮಾತ್ರ ತಪ್ಪಿಸಿಲ್ಲ. ತಂಗಿ ನರ್ಸ್ ಅದಾಳ, ತಂಗಿ ಹೇಳ್ಯಾಳ, ಅಂತ! ಮೂರನೇ ದಿನ ಮುಂಜಾನಿ ಏಳಲಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡರು.

"ತಪ್ಪಸಬ್ಯಾಡ ಅಂದೆ. ಉಣ್ಣಲಾಕ ಆಗದಿದ್ದ ದಿನ ಗುಳಗಿಗಿ ಕೈ ಹಚ್ಚೋಕಿಂತ ಮೊದಲು ಡಾಕ್ಟರಿಗಿ ಕೇಳು ಅಂಬೋದು ಹೇಳಲಿಲ್ಲ. ಅರ್ಧ ಮಾತು ಹೇಳಿ ಬಂದೆ ನಾ. ಆ ಊರಿಗಿ ಮತ್ತ ಹೋಗಿಲ್ಲ. ಯಾವ ಮಾರಿ ಇಟ್ಕೊಂಡು ಹೋಗಲಿ?"

ಅಂದಿನಿಂದ ಏಳು ವರ್ಷ ನಾವಿಬ್ಬರೂ ಬೆಳಗಿನ ರೊಟ್ಟಿ ಒಟ್ಟಿಗೆ ತಿಂದೆವು. ನನ್ನ ಬಸ್ಸಿನ ವೇಳೆಗೆ ಅವರು ತಮ್ಮ ಒಲೆಯನ್ನು ಹೊಂದಿಸಿಕೊಂಡರು. ಶೀಟಿನ ಮೇಲೆ ಹೆಸರಿರುವ ಕಡೆಯಿಂದ ಗುಳಿಗೆ ಕೀಳಬಾರದು, ಕೊನೆಯ ಗುಳಿಗೆಯವರೆಗೂ ಹೆಸರು ಉಳಿಯಬೇಕು ಎಂಬುದು ಅವರ ಕಟ್ಟಪ್ಪಣೆ. ಒಂದು ಹೊತ್ತಿನದು ಮರೆತರೆ ಮರುದಿನ ಎರಡು ನುಂಗುವಂತಿಲ್ಲ. ಯಾವ ಡಾಕ್ಟರಲ್ಲಿಗೆ ಹೋದರೂ ಎಲ್ಲಾ ಶೀಟು ಚೀಲದಲ್ಲಿರಬೇಕು. ವರ್ಷಕ್ಕೊಮ್ಮೆ ಕಿಡ್ನಿಯ ರಕ್ತಪರೀಕ್ಷೆಗೆ ಅವರೇ ಕೈಹಿಡಿದು ಎಳೆದೊಯ್ಯುತ್ತಿದ್ದರು. ನಾನು ಬೇಸರಪಟ್ಟರೆ, "ಗುಳಗಿಗಿ ನೀವು ಟೀಚರ್ ಅಂಬೋದು ಗೊತ್ತಿಲ್ರಿ" ಅನ್ನುತ್ತಿದ್ದರು.

ಇಷ್ಟಾದರೂ ನಾವು ಗೆಳತಿಯರಾಗಿದ್ದೆವೆಂದು ಹೇಳಲಾರೆ. ರೊಟ್ಟಿ ಮುಗಿದ ಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಅಕ್ಕನ ವಿಷಯ ಅವರು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅವರವರ ಮನೆಗೆ ಹೋಗಿ ಅವರವರ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಗೋಡೆಯಾಚೆ ಅವರು ಪ್ರಾರ್ಥನೆ ಮಾಡುವ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಹೋದ ವರ್ಷ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಔರಾದಿಗೆ ಹಾಕಿದ್ದರು. ಎರಡನೆಯ ದಿನ ನಾನು ಪರೀಕ್ಷಾ ಕೋಣೆಯಲ್ಲಿ ಮೇಲ್ವಿಚಾರಣೆಯಲ್ಲಿದ್ದಾಗ ಇತ್ತ ಬೀದರಿನಲ್ಲಿ ನರ್ಸ್‌ಬಾಯಿ ಹೃದಯ ನಿಂತು ತೀರಿಕೊಂಡರು. ಹಾಲು ಹಾಕಲು ಬಂದವಳು ನೋಡಿದಳಂತೆ. ಫೋನು ಕಚೇರಿಯಲ್ಲಿ ಇಟ್ಟಿದ್ದರಿಂದ ನನಗೆ ತಿಳಿದದ್ದು ಮಧ್ಯಾಹ್ನ. ಮರುದಿನ ಮಣ್ಣಿಗೆ ಚರ್ಚಿನ ಹತ್ತಿಪ್ಪತ್ತು ಜನ ಬಂದಿದ್ದರು. ಕೊನೆಯ ಹಾಡು ಮುಗಿದು ಎಲ್ಲರೂ ಚದುರಿದ ಮೇಲೂ ಒಬ್ಬ ಹೆಂಗಸು ಹಸಿ ಮಣ್ಣಿನ ಬಳಿ ನಿಂತೇ ಇದ್ದಳು. ನಲವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ.

"ನೀವು ಯಾರ್ರಿ?" ಎಂದೆ.

"ಆಕಿ ಅಕ್ಕನ ಮಗಳ್ರಿ. ಖಟಕ ಚಿಂಚೋಳಿಯಾಕಿ. ನನಗ ಚಿಗವ್ವ ಆಗಬೇಕು."

ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿಯೇಬಿಟ್ಟೆ. ದನಿಯಲ್ಲಿ ಸಿಟ್ಟಿತ್ತೆಂದು ಕಾಣುತ್ತದೆ. ಅವಳು ತಲೆ ತಗ್ಗಿಸಿದಳು.

"ಹ್ಯಾಂಗ ಬರ್ಲಿರಿ? ನಮ್ಮವ್ವ ಹೋದಾಗ ಮನ್ಯಾಗ ಇದ್ದಾಕಿ ನಾನೇ. ಎರಡು ದಿನ ಆಕಿ ಉಂಡಿಲ್ಲಂತ ನನಗ ಗೊತ್ತಿತ್ತು. ಚಿಗವ್ವಗ ಒಂದು ಫೋನ್ ಹಚ್ಚಿದ್ರ ಆಗ್ತಿತ್ತು. ಹೊಲದಾಗ ಕಳೆ ಅದ ಅಂತ ಹೋಗಿಬಿಟ್ಟೆ. ಚಿಗವ್ವ ಮಣ್ಣಿಗಿ ಬಂದಾಕಿ ನನ್ನ ಜೋಡಿ ಒಂದು ಮಾತಾಡ್ಲಿಲ್ಲ, ಹಂಗೇ ಹೋದ್ಳು. ನನ್ನ ಮ್ಯಾಲೆ ಸಿಟ್ಟಾಗ್ಯಾಳ, ಮಾರಿ ನೋಡಲಾಕ ಒಲ್ಲಳು ಅಂತ ತಿಳ್ಕೊಂಡೆ."

ನಾನು ಅವಳ ಕೈ ಹಿಡಿದು ಅಲ್ಲೇ ಬೇವಿನ ನೆರಳಲ್ಲಿ ಕೂಡಿಸಿದೆ. ಆ ಶನಿವಾರ ಸಂಜೆ ಕೇಳಿದ್ದನ್ನೆಲ್ಲಾ ಹೇಳಿದೆ. ಅವಳು ಅಳಲಿಲ್ಲ. "ಆಕಿನೂ ತಂದೇ ತಪ್ಪು ಅಂತ ತಿಳ್ಕೊಂಡಿದ್ಳೇನ್ರಿ?" ಎಂದು ಮಾತ್ರ ಕೇಳಿದಳು.

ನನ್ನ ಜೀವ ಉಳಿಸಿದ ಹೆಂಗಸಿಗೆ ಅವರು ಬದುಕಿದ್ದಾಗ ನಾನು ತಿರುಗಿ ಏನಾದರೂ ಮಾಡಬಹುದಿತ್ತೆಂದರೆ ಅದೊಂದೇ, ಇಬ್ಬರಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು. ದೊಡ್ಡ ಕೆಲಸವೂ ಅಲ್ಲ. ಭಾಲ್ಕಿಯ ಸ್ಟ್ಯಾಂಡಿನಲ್ಲಿ ನಾನು ಇಳಿಯುವ ಹೊತ್ತಿಗೆ ಖಟಕ ಚಿಂಚೋಳಿಯ ಬಸ್ಸು ಹೊರಡಲು ನಿಂತಿರುತ್ತಿತ್ತು. ಏಳು ವರ್ಷ ದಿನಾ ಅದರ ಪಕ್ಕದಲ್ಲೇ ನಡೆದುಕೊಂಡು ಶಾಲೆಗೆ ಹೋದೆ.